ಉಳವಿಯ ಹಾದಿಯೂ ಹಾದಿಯ ಊರುಗಳೂ

ಭಾರತ ಹುಣ್ಣಿಮೆಗೆ ಇನ್ನೂ ಎಂಟು-ಹತ್ತು ದಿನಗಳಿರುವಾಗಲೇ ಧಾರವಾಡ, ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಚಕ್ಕಡಿಗಳಿಗೆ ಕೊಲ್ಲಾರಿ ಕಟ್ಟುವ ಕೆಲಸ ಆರಂಭವಾಗುತ್ತದೆ. ಎತ್ತುಗಳ ಕೊರಳಿಗೆ ಗೆಜ್ಜೆಸರ, ಕೋಡಿಗೆ ಬಣ್ಣ, ಗಾಡಿಯೊಳಗೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ. ಹೀಗೆ ಸಜ್ಜಾದ ಚಕ್ಕಡಿಗಳು ಸಾಲುಸಾಲಾಗಿ ಉಳವಿಯತ್ತ ಹೊರಡುವ ದೃಶ್ಯವನ್ನು ಕಂಡವರು ಮರೆಯಲಾರರು. ಮೋಟಾರು ವಾಹನಗಳು ಮನೆಮನೆಗೆ ಬಂದಿರುವ ಈ ಕಾಲದಲ್ಲಿಯೂ ಅವಿರಳಜ್ಞಾನಿ ಚನ್ನಬಸವಣ್ಣನವರ ಐಕ್ಯಸ್ಥಳಕ್ಕೆ ಎತ್ತಿನ ನಡಿಗೆಯಲ್ಲಿಯೇ ಹೋಗಬೇಕೆಂಬ ಛಲವನ್ನು ನಮ್ಮ ರೈತಾಪಿ ಭಕ್ತರು ಬಿಟ್ಟಿಲ್ಲವೆಂಬುದು ಸಂತೋಷದ ಸಂಗತಿ.

ಈ ಚಕ್ಕಡಿಗಳ ಹಿಂದೆ ಕೆಲವು ದಿನ ನಡೆಯುವ ಭಾಗ್ಯ ಈ ಲೇಖಕನಿಗೂ ಒಮ್ಮೆ ದೊರೆಯಿತು. ಹಳಿಯಾಳದ ಕಡೆಗೆ ಹೋಗುವ ದಾರಿಯ ಒಂದು ಊರಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ, ವಯಸ್ಸಾದ ತಾಯಿಯೊಬ್ಬರು ಮನೆಯ ಮುಂದೆ ಕೊಡಪಾನ ಇಟ್ಟುಕೊಂಡು ಹೋಗುವವರಿಗೆಲ್ಲ ಮಜ್ಜಿಗೆ ಕೊಡುತ್ತಿದ್ದರು. ಎರಡು ಲೋಟ ಕುಡಿದು, ಜೇಬಿನಿಂದ ಹಣ ತೆಗೆದೆ. ಆಕೆ ಕೈ ಅಡ್ಡ ಹಿಡಿದರು. "ಮಜ್ಜಿಗಿಗೆ ರೊಕ್ಕ ತಗೊಂತಾರೇನೋ ತಮ್ಮಾ? ಇದು ಉಳವಪ್ಪನ ಹಾದಿ" ಎಂದರು. ಆ ಮಾತಿಗೆ ತಲೆಬಾಗಿ ಕಟ್ಟೆಯ ಮೇಲೆ ಕುಳಿತೆ. ಕುಳಿತ ಮೇಲೆ ಕಂಡದ್ದು ಬೇರೆ. ಮನೆಯ ಮೂಲೆಯಲ್ಲಿ ಹಾಲಿನ ಖಾಲಿ ಪ್ಯಾಕೆಟ್ಟುಗಳ ಕಟ್ಟು ಇತ್ತು. ಹಟ್ಟಿಯಲ್ಲಿ ದನವಿರಲಿಲ್ಲ. ಮಕ್ಕಳಿಬ್ಬರು ಗೋವೆಯಲ್ಲಿ ದುಡಿಯುತ್ತಾರೆ, ಆಕಳನ್ನು ಮಾರಿ ಮೂರು ವರ್ಷವಾಯಿತು, ಆದರೆ ಯಾತ್ರೆಯ ದಿನಗಳಲ್ಲಿ ಮಜ್ಜಿಗೆ ಕೊಡುವ ಹರಕೆ ಅತ್ತೆಯ ಕಾಲದಿಂದ ಬಂದದ್ದು, ತಪ್ಪಿಸಲಾಗದು. ಆದುದರಿಂದ ಅಂಗಡಿಯ ಹಾಲು ತಂದು ಹೆಪ್ಪು ಹಾಕುತ್ತಾರಂತೆ. ತಿಂಗಳ ಪಿಂಚಣಿಯಲ್ಲಿ ಎಷ್ಟು ಭಾಗ ಅದಕ್ಕೆ ಹೋಗುತ್ತದೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಾವು ಇದನ್ನು ದಾಸೋಹವೆಂದು ಕರೆಯುತ್ತೇವೆ. ಆಕೆಯ ಕಡೆಯಿಂದ ನೋಡಿದರೆ ಅದು ನಿಸ್ಸಂದೇಹವಾಗಿ ದಾಸೋಹವೇ. ಕುಡಿದು ಮುಂದೆ ಹೋದ ನಮ್ಮ ಕಡೆಯಿಂದ ನೋಡಿದರೆ ಅದಕ್ಕೆ ಯಾವ ಹೆಸರು ಕೊಡಬೇಕು? ಆ ದಿನದಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಈಚಿನ ವರ್ಷಗಳಲ್ಲಿ ಯಾತ್ರಾ ಪ್ರವಾಸೋದ್ಯಮ, ಗ್ರಾಮೀಣ ಪ್ರವಾಸೋದ್ಯಮ ಎಂಬ ಮಾತುಗಳು ಸಭೆ ಸಮಾರಂಭಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿವೆ. ಶರಣರು ನಡೆದ ಹಾದಿಗಳನ್ನು ಗುರುತಿಸಿ ಅಭಿವೃದ್ಧಿಪಡಿಸಬೇಕೆಂಬ ಬೇಡಿಕೆಯೂ ಇದೆ. ನಾನು ಅದರ ಪರವಾಗಿದ್ದೇನೆ. ಆದರೆ ಆ ಹಾದಿ ಯಾರಿಗಾಗಿ, ಯಾರ ಅಂಗಳದ ಮೂಲಕ, ಯಾರ ಖರ್ಚಿನಲ್ಲಿ ಎಂಬುದನ್ನು ನಾವು, ಅಂದರೆ ಮಠದ ಭಕ್ತರು, ಮೊದಲು ಇತ್ಯರ್ಥ ಮಾಡಿಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಕೊಟ್ಟು ಮುಂದುವರಿಯುವುದು ಒಳ್ಳೆಯದು. ತೀರ್ಥಯಾತ್ರೆಯನ್ನೇ ಒಪ್ಪದ ಶರಣರ ಹೆಸರಿನಲ್ಲಿ ಯಾತ್ರೆಯ ಹಾದಿಯೆ ಎಂದು ಬಲ್ಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದು. ನೀರ ಕಂಡಲ್ಲಿ ಮುಳುಗಿ ಪುಣ್ಯ ಗಳಿಸುವ, ಮರ ಕಂಡಲ್ಲಿ ಸುತ್ತಿ ಫಲ ಬೇಡುವ ಭಕ್ತಿಯನ್ನು ವಚನಕಾರರು ನಿಷ್ಠುರವಾಗಿ ವಿಡಂಬಿಸಿದ್ದಾರೆ. ಅಂಗದ ಮೇಲೆ ಇಷ್ಟಲಿಂಗವಿರುವಾಗ ದೇವರನ್ನು ಹುಡುಕಿಕೊಂಡು ಊರೂರು ಅಲೆಯಬೇಕಾದ ಅಗತ್ಯ ಲಿಂಗವಂತನಿಗೆ ಇಲ್ಲ. ಹಾಗೆಂದು ಶರಣರು ನಿಂತಲ್ಲಿ ನಿಂತವರಲ್ಲ. ಕಾಶ್ಮೀರದಿಂದ ಬಂದರೆಂದು ನಂಬಲಾದ ಮೋಳಿಗೆಯ ಮಾರಯ್ಯನವರು, ಸೊನ್ನಲಿಗೆಯಿಂದ ಬಂದ ಸಿದ್ಧರಾಮೇಶ್ವರರು, ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲದ ಕದಳಿಗೂ ನಡೆದ ಅಕ್ಕಮಹಾದೇವಿ, ಎಲ್ಲಿಯೂ ನೆಲೆಯೂರದ ಅಲ್ಲಮಪ್ರಭುಗಳು, ಇವರೆಲ್ಲರೂ ನಡೆದವರೇ. ಜಂಗಮವೆಂಬ ಶಬ್ದದ ಒಳಗೇ ಚಲನೆಯಿದೆ. ಸ್ಥಾವರವಾದುದು ನಶಿಸುತ್ತದೆಂದು ಅವರು ಕಂಡುಕೊಂಡದ್ದರಿಂದಲೇ ನಡಿಗೆಗೆ ಬೆಲೆ ಬಂದಿತು. ಅವರ ನಡಿಗೆ ದೇವರನ್ನು ಕಾಣುವುದಕ್ಕಾಗಿ ಆಗಿರಲಿಲ್ಲ, ಮನುಷ್ಯರನ್ನು ಕೂಡುವುದಕ್ಕಾಗಿ ಆಗಿತ್ತು. ಈ ದೃಷ್ಟಿಯಿಂದ ನೋಡಿದರೆ ಉಳವಿಯ ಗುಡಿಗಿಂತ ಉಳವಿಯ ಹಾದಿಯೇ ಶರಣಧರ್ಮಕ್ಕೆ ಹೆಚ್ಚು ಹತ್ತಿರವಾಗಿದೆಯೆಂದು ನನ್ನ ಅನಿಸಿಕೆ. ಹಿರಿಯರು ಇದನ್ನು ಒಪ್ಪದಿರಬಹುದು.

ಮತ್ತೆ, ಈ ಹಾದಿ ಪುಣ್ಯಕ್ಕಾಗಿ ತುಳಿದ ಹಾದಿಯೂ ಅಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ, ಅದರ ಫಲವಾಗಿ ಬಂದ ಎಳೆಹೂಟೆಯ ಶಿಕ್ಷೆ, ಬಿಜ್ಜಳನ ಕೊಲೆ, ಬಳಿಕ ಶರಣರ ಮೇಲೆ ನಡೆದ ದಾಳಿ, ಇವೆಲ್ಲ ನಮಗೆ ತಿಳಿದ ಸಂಗತಿಗಳೇ. ಬದುಕುಳಿದವರು ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರ ಜೊತೆ ಹೊರಟ ತಂಡವು ವಚನಗಳ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿದ ಸೈನ್ಯದೊಡನೆ ಅಲ್ಲಲ್ಲಿ ಹೋರಾಡುತ್ತ, ಪಡುವಣ ಅಡವಿಯ ಉಳವಿಯನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಈ ಹಾದಿಯ ಗುರುತುಗಳು ಇಂದಿಗೂ ಜನರ ನಾಲಿಗೆಯಲ್ಲಿವೆ. ಮಲಪ್ರಭೆಯ ದಡದ ಎಂ.ಕೆ.ಹುಬ್ಬಳ್ಳಿಯಲ್ಲಿ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಮಂಟಪ ನದಿಯ ಒಡಲಲ್ಲಿಯೇ ಇದೆ. ಅಲ್ಲಿಗೆ ಸಮೀಪದ ಕಾದರವಳ್ಳಿಯ ಹೆಸರಿನಲ್ಲಿಯೇ ಶರಣರು ಕಾದಿದ ಕಥೆಯನ್ನು ಜನ ಓದುತ್ತಾರೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರು ಹೋರಾಡುತ್ತಲೇ ಲಿಂಗೈಕ್ಯರಾದರೆಂದು ನಂಬಿಕೆ. ಮುಂದೆ ಹಳಿಯಾಳ, ದಾಂಡೇಲಿ, ಪೋಟೋಳಿ, ಗುಂದ ದಾಟಿ ಉಳವಿ. ಅಲ್ಲಿ ಅಕ್ಕನಾಗಮ್ಮನವರ ಗವಿ, ಹರಳಯ್ಯನವರ ಹೆಸರಿನ ಚಿಲುಮೆ.

ನಿರಾಶ್ರಿತರಾಗಿ ಬಂದ ಈ ಜನರನ್ನು ದಾರಿಯ ಊರುಗಳವರು ಒಳಗೆ ಕರೆದಿರಲೇಬೇಕು. ರಾಜನ ಸೈನ್ಯ ಬೆನ್ನ ಹಿಂದಿರುವಾಗ ಬಾಗಿಲು ತೆರೆದು, ಅಂಬಲಿ ಕೊಟ್ಟು, ಓಲೆಯ ಕಟ್ಟುಗಳನ್ನು ಮಾಡದ ಮೇಲೋ ಅಟ್ಟದ ಮೇಲೋ ಅಡಗಿಸಿದವರ ಹೆಸರುಗಳು ಯಾವ ಪುರಾಣದಲ್ಲಿಯೂ ದಾಖಲಾಗಿಲ್ಲ. ಫ.ಗು.ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರಷ್ಟೆ. ಅವರಿಗೆ ಆ ತಾಡೋಲೆಗಳು ಸಿಕ್ಕಿದ್ದು ಅರಮನೆಯ ಭಂಡಾರಗಳಲ್ಲಿ ಅಲ್ಲ, ಮಠಗಳಲ್ಲಿ ಮತ್ತು ಸಾಮಾನ್ಯ ಭಕ್ತರ ಮನೆಗಳ ಜಗುಲಿಗಳಲ್ಲಿ. ಪೂಜೆಗೆಂದು ಬಟ್ಟೆ ಸುತ್ತಿ ಇಟ್ಟವರಿಂದಲೇ ವಚನ ಉಳಿಯಿತು. ಆದುದರಿಂದ ಈ ಹಾದಿಯಲ್ಲಿ ದರ್ಶನಕ್ಕೆ ಅರ್ಹವಾದದ್ದು ಏನಾದರೂ ಇದ್ದರೆ ಅದು ಹಳ್ಳಿಯ ಮನೆ. ಯಾತ್ರಿಕ ತಂಗಬೇಕಾದದ್ದೂ ಅಲ್ಲಿಯೇ.

ಆದರೆ ನಾವು ಮಾಡುತ್ತಿರುವುದೇನು? ಹಣವೆಲ್ಲ ಹಾದಿಯ ಎರಡು ತುದಿಗಳಿಗೆ ಹೋಗುತ್ತಿದೆ. ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಲಾಯಿತು, ನೂರಾರು ಕೋಟಿ ರೂಪಾಯಿಗಳ ಯೋಜನೆ ಅದು. 2024ರ ಜನವರಿಯಲ್ಲಿ ಸರ್ಕಾರವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇವೆಲ್ಲ ಆಗಬೇಕಾದ ಕೆಲಸಗಳೇ, ಅವುಗಳ ಬಗ್ಗೆ ನನಗೆ ಗೌರವವಿದೆ. ಆದರೆ ನಡುವಿನ ಊರುಗಳಿಗೆ ಸಿಕ್ಕಿದ್ದು ಬಹುಮಟ್ಟಿಗೆ ಒಂದು ಸ್ವಾಗತ ಕಮಾನು, ಇಲ್ಲವೆ ಬೀಗ ಹಾಕಿದ ಒಂದು ಸಮುದಾಯ ಭವನ. ವಾಹನದಲ್ಲಿ ಬರುವ ಭಕ್ತ ಧಾರವಾಡದಲ್ಲಿ ತಿಂಡಿ ಮುಗಿಸಿ, ಮಧ್ಯಾಹ್ನದೊಳಗೆ ಉಳವಿಯಲ್ಲಿ ದರ್ಶನ ಪಡೆದು, ಸಂಜೆಗೆ ತಿರುಗಿ ಬರುತ್ತಾನೆ. ಅವನಿಂದ ಹಾದಿಯ ಊರುಗಳಿಗೆ ಸಲ್ಲುವುದು ಧೂಳು ಮತ್ತು ಕಿಟಕಿಯಿಂದ ಎಸೆದ ನೀರಿನ ಬಾಟಲಿ. ಇನ್ನೊಂದು ಕಡೆ ದಾಂಡೇಲಿ, ಗಣೇಶಗುಡಿಗಳ ಸುತ್ತ ಕಾಳಿ ನದಿಯ ದೋಣಿ ಸವಾರಿಯನ್ನು ನಂಬಿ ರೆಸಾರ್ಟುಗಳು ಎದ್ದಿವೆ. ಅಲ್ಲಿ ಊರಿನ ಹುಡುಗರಿಗೆ ಕೆಲಸ ಸಿಕ್ಕಿರುವುದು ನಿಜ, ಆದರೆ ಅದು ಬಹುಪಾಲು ಕೂಲಿಯ ಕೆಲಸ.

ನಡೆಯುವವನ ಲೆಕ್ಕವೇ ಬೇರೆ. ಕಾಲ್ನಡಿಗೆಯವನು ದಿನಕ್ಕೆ 15ರಿಂದ 20 ಕಿಲೋಮೀಟರ್ ಹೋಗಬಲ್ಲ. ಎಂ.ಕೆ.ಹುಬ್ಬಳ್ಳಿಯಿಂದ ಕಾದರವಳ್ಳಿ, ಕಿತ್ತೂರು, ಕಕ್ಕೇರಿ, ಅಳ್ನಾವರ, ಹಳಿಯಾಳ, ದಾಂಡೇಲಿ ಮಾರ್ಗವಾಗಿ ಉಳವಿಗೆ ಹೋಗಬೇಕಾದರೆ ನೂರು ಕಿಲೋಮೀಟರಿಗೂ ಮೀರಿದ ಹಾದಿ, ಏಳೆಂಟು ದಿನಗಳ ನಡಿಗೆ. ಏಳೆಂಟು ರಾತ್ರಿ ಅವನು ಎಲ್ಲಿಯೋ ಮಲಗಬೇಕು, ಎಲ್ಲಿಯೋ ಉಣ್ಣಬೇಕು, ಚಪ್ಪಲಿಯ ಉಂಗುಟ ಹರಿದರೆ ಹೊಲಿಸಬೇಕು, ಕಾಲಿಗೆ ಗುಳ್ಳೆಯೆದ್ದರೆ ಎಣ್ಣೆ ಬೇಡಬೇಕು. ಅವನು ಖರ್ಚು ಮಾಡುವುದು ಸ್ವಲ್ಪವೇ, ಆದರೆ ಅದು ಹತ್ತು ಊರುಗಳ ಇಪ್ಪತ್ತು ಮನೆಗಳಲ್ಲಿ ಹಂಚಿಹೋಗುತ್ತದೆ. ಹಾದಿಯ ಅಭಿವೃದ್ಧಿಯ ಅರ್ಥಶಾಸ್ತ್ರವೆಲ್ಲ ಇಷ್ಟೇ.

ಇದು ಕೇವಲ ಕಲ್ಪನೆಯಲ್ಲ. ಸ್ಪೇನ್ ದೇಶದ ಸಾಂತಿಯಾಗೊ ಎಂಬ ಊರಿಗೆ ಹೋಗುವ ಕ್ರೈಸ್ತ ಯಾತ್ರಾಮಾರ್ಗವು ಕಳೆದ ಶತಮಾನದಲ್ಲಿ ಬಹುತೇಕ ಮರೆತುಹೋಗಿತ್ತು. ಓ ಸೆಬ್ರೇರೊ ಎಂಬ ಗುಡ್ಡದ ಹಳ್ಳಿಯ ಪಾದ್ರಿ ಎಲಿಯಾಸ್ ವಲಿಞಾ ಎಂಬುವರು 1984ರಲ್ಲಿ ಹಳದಿ ಬಣ್ಣದ ಡಬ್ಬಿ ಹಿಡಿದು ಮರ, ಕಲ್ಲು, ಗೋಡೆಗಳ ಮೇಲೆ ಬಾಣದ ಗುರುತು ಬರೆಯುತ್ತ ಹೋದರು. 1987ರಲ್ಲಿ ಯುರೋಪ್ ಕೌನ್ಸಿಲ್ ಅದನ್ನು ಮೊದಲ ಸಾಂಸ್ಕೃತಿಕ ಮಾರ್ಗವೆಂದು ಸಾರಿತು, 1993ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕನಿಷ್ಠ ಕೊನೆಯ 100 ಕಿಲೋಮೀಟರ್ ನಡೆದವರಿಗೆ ಅಲ್ಲಿ ಯಾತ್ರಾಪತ್ರ ಕೊಡುತ್ತಾರೆ, ದಾರಿಯ ಊರುಗಳಲ್ಲಿ ಮುದ್ರೆ ಒತ್ತಿಸಿಕೊಂಡ ಚೀಟಿಯೇ ಅದಕ್ಕೆ ಆಧಾರ. 2023ರಲ್ಲಿ ಆ ಪತ್ರ ಪಡೆದವರು 4 ಲಕ್ಷ 40 ಸಾವಿರಕ್ಕೂ ಹೆಚ್ಚು. ಬಣ್ಣದ ಒಂದು ಡಬ್ಬಿಯಿಂದ ಆರಂಭವಾದ ಕೆಲಸವಿದು. ಅದರ ಕೆಡುಕನ್ನೂ ನೋಡಬೇಕು. ನೂರು ಕಿಲೋಮೀಟರಿನ ನಿಯಮದಿಂದಾಗಿ ಸಾರಿಯಾ ಎಂಬ ಊರಿನಿಂದಾಚೆಗೆ ಜನಸಂದಣಿ ಮಿತಿಮೀರಿದೆ. ಪತ್ರಕ್ಕಾಗಿ ನಡೆಯುವವರು ಹೆಚ್ಚಿದರೆ ನಡಿಗೆ ಮತ್ತೆ ಫಲಾಪೇಕ್ಷೆಯೇ ಆಗುತ್ತದೆ. ನಮಗೆ ಅಂಥ ಪತ್ರ ಬೇಡ.

ಅಷ್ಟು ದೂರ ಹೋಗುವುದೂ ಬೇಡ. ಯುಗಾದಿಯ ಮೊದಲು ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರನ್ನು ನೋಡಿರಿ. ಕಂಬಿ ಹೊತ್ತು, ಆತ್ಮಕೂರು ದಾಟಿ, ನಲ್ಲಮಲದ ಅಡವಿಯಲ್ಲಿ ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರದ ಕಡಿದಾದ ಮೆಟ್ಟಿಲುಗಳ ಮೂಲಕ ಮಲ್ಲಯ್ಯನ ಸನ್ನಿಧಿಗೆ ಹೋಗುತ್ತಾರೆ. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಕಲ್ಲಂಗಡಿ, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವ ಸೇವೆ. ಇಂಥ ಆತಿಥ್ಯ ಲೋಕದ ಬೇರೆ ಯಾವ ಹಾದಿಯಲ್ಲಿದೆಯೋ ತಿಳಿಯೆ. ಆದರೆ ಅದೆಲ್ಲವೂ ಎರಡು-ಮೂರು ವಾರಗಳ ಮಾತು. ಉಳಿದ ನಲವತ್ತೊಂಬತ್ತು-ಐವತ್ತು ವಾರ ಆ ಹಾದಿಯ ಊರು ಯಾತ್ರಿಕನ ಮುಖ ಕಾಣುವುದಿಲ್ಲ. ಜೊತೆಗೆ ಆ ಸೇವೆಯ ಅಕ್ಕಿ-ಬೇಳೆ ಹಲವೆಡೆ ದೂರದ ದಾನಿಗಳ ಲಾರಿಯಲ್ಲಿ ಬಂದು, ಉಳಿದ ಎಲೆ-ಲೋಟಗಳು ಊರಿನ ಹಳ್ಳದಲ್ಲಿ ಬೀಳುತ್ತವೆ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಹಾದಿಯ ಮನೆಯವರು ಯಾತ್ರಿಕನಿಂದ ಹಣ ತೆಗೆದುಕೊಳ್ಳಬಹುದೆ? ಮಠದ ಹಿರಿಯ ಭಕ್ತರೊಬ್ಬರಲ್ಲಿ ಇದನ್ನು ಪ್ರಸ್ತಾಪಿಸಿದಾಗ ಅವರು ನೊಂದುಕೊಂಡರು. "ದಾಸೋಹಕ್ಕೆ ದರ ಹಚ್ಚಿದ ದಿನ ನಾವು ಲಿಂಗವಂತರಾಗಿ ಉಳಿಯುವುದಿಲ್ಲ" ಎಂದರು. ಅವರ ನೋವನ್ನು ನಾನು ಗೌರವಿಸುತ್ತೇನೆ. ಆದರೂ ವಿನಯದಿಂದ ಒಂದು ಮಾತು. ದಾಸೋಹವೆಂಬುದು ಕೊಡುವವನ ಧರ್ಮ, ಪಡೆಯುವವನ ಹಕ್ಕಲ್ಲ. ಕಾಯಕ ಮಾಡಿ, ಅದರಿಂದ ಬಂದುದನ್ನು ಗುರು-ಲಿಂಗ-ಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸಬೇಕೆಂಬ ಕ್ರಮದಲ್ಲಿ ಕಾಯಕ ಮೊದಲು ಬರುತ್ತದೆ. ಏನನ್ನೂ ಮಾಡದೆ, ಕೊಡದೆ, ಎಂಟು ದಿನ ಬಡವರ ಮನೆಯ ರೊಟ್ಟಿ ಉಂಡು ಬರುವವನು ಯಾವ ಲೆಕ್ಕದಿಂದ ಜಂಗಮ? ಅವನಿಗೆ ಮನೆಯಲ್ಲಿ ಸಂಬಳವಿದೆ, ಬ್ಯಾಂಕಿನಲ್ಲಿ ಠೇವಣಿಯಿದೆ. ಮಜ್ಜಿಗೆ ಕೊಟ್ಟ ತಾಯಿಗೆ ಇರುವುದು ಪಿಂಚಣಿ ಮಾತ್ರ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಾಸಿಗೆ ಹಾಸುವುದು, ನೀರು ಕಾಯಿಸುವುದು, ರೊಟ್ಟಿ ಬಡಿಯುವುದು ಕಾಯಕವಲ್ಲವೆ? ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ, ಕಸ ಗುಡಿಸುವವಳು, ನೂಲುವವಳು, ಇವರೆಲ್ಲರ ಕೆಲಸವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಧರ್ಮ ನಮ್ಮದು. ಹಳ್ಳಿಯ ಹೆಣ್ಣುಮಗಳು ಅತಿಥಿಗಾಗಿ ಮಾಡುವ ದುಡಿಮೆಗೆ ಮಾತ್ರ ಬೆಲೆ ಕಟ್ಟಬಾರದೆಂದರೆ, ಅದು ಭಕ್ತಿಯ ಮಾತಲ್ಲ, ಆಕೆಯ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಳೆಯ ಅಭ್ಯಾಸ. ಕಾಯಕಕ್ಕೆ ಸತ್ಯಶುದ್ಧವಾದ ಪ್ರತಿಫಲ ಪಡೆಯಲು ಶರಣರು ಎಂದೂ ನಾಚಲಿಲ್ಲ.

ಆದುದರಿಂದ ನನಗೆ ತೋಚುವ ಕ್ರಮ ಹೀಗಿದೆ. ತಂಗುವ ಮನೆಗೆ ಊರಿನವರೇ ಸೇರಿ ನಿಶ್ಚಯಿಸಿದ ಒಂದು ಮೊತ್ತ, ಎಲ್ಲರಿಗೂ ಒಂದೇ. ಅದನ್ನು ಯಾತ್ರಿಕ ಕೇಳಿಸಿಕೊಳ್ಳದೆ ಕೊಡಬೇಕು, ಮನೆಯ ಹೆಣ್ಣುಮಗಳ ಕೈಗೆ ಕೊಡಬೇಕು. ಒಂದು ಹೊತ್ತಿನ ದಾಸೋಹ ಊರಿನ ಗುಡಿಯಲ್ಲಿಯೋ ಮಠದಲ್ಲಿಯೋ ಎಲ್ಲರೊಡನೆ ನಡೆಯಲಿ, ಅದಕ್ಕೆ ಬೆಲೆ ಬೇಡ. ಆದರೆ ಅದಕ್ಕೆ ಬೇಕಾದ ಜೋಳ, ತೊಗರಿ, ಬೆಲ್ಲ, ಕಾಯಿಪಲ್ಯೆಗಳನ್ನು ದಾನಿಗಳ ಹಣದಿಂದ ಅದೇ ಊರಿನ ರೈತರಲ್ಲಿ ಕೊಳ್ಳಬೇಕು, ಪೇಟೆಯಿಂದ ಲಾರಿ ತರಿಸಬಾರದು. ಹಣವಿಲ್ಲದ ಯಾತ್ರಿಕ ಬಂದರೆ? ಸಾಂತಿಯಾಗೊದ ಹಾದಿಯಲ್ಲಿ ಕೆಲವು ತಂಗುಮನೆಗಳು ಬಾಗಿಲ ಬಳಿ ಒಂದು ಪೆಟ್ಟಿಗೆ ಇಡುತ್ತವೆ. ಇದ್ದವನು ಹಾಕುತ್ತಾನೆ, ಇಲ್ಲದವನು ಸುಮ್ಮನೆ ಒಳಗೆ ಹೋಗುತ್ತಾನೆ, ಯಾರೂ ನೋಡುವುದಿಲ್ಲ. ನಮ್ಮ ಮಠಗಳ ಶಾಖೆಗಳಿರುವ ಊರುಗಳಲ್ಲಿ ಹಾಗೊಂದು ಪೆಟ್ಟಿಗೆ ಇಡುವುದು ಕಷ್ಟವಲ್ಲ. ಅಥವಾ ಅವನು ಅರ್ಧ ದಿನ ಕಸ ಆಯಲಿ, ಕೆರೆಯ ಮೆಟ್ಟಿಲು ತೊಳೆಯಲಿ. ಅದೂ ಕಾಯಕವೇ.

ಜಪಾನಿನ ಕುಮಾನೊ ಎಂಬ ಬೆಟ್ಟದ ಹಾದಿಯೂ ಇಲ್ಲಿ ನೆನಪಾಗುತ್ತದೆ. 2004ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತನಾಬೆ ಎಂಬ ಊರಿನವರು 2006ರಲ್ಲಿ ತಮ್ಮದೇ ಪ್ರವಾಸ ಸಂಸ್ಥೆ ಕಟ್ಟಿ, ಗುಂಪುಗುಂಪಾಗಿ ಬಸ್ಸಿನಲ್ಲಿ ಬರುವವರಿಗಿಂತ ಒಬ್ಬೊಬ್ಬರಾಗಿ ನಡೆದು ಬರುವವರೇ ಸಾಕೆಂದು ತೀರ್ಮಾನಿಸಿದರು. ಬೇರೆ ಭಾಷೆ ಬಾರದ ಹಳ್ಳಿಯ ಮುದುಕರ ತಂಗುಮನೆಗಳಿಗೆ ಪರದೇಶದವರು ಮುಂಗಡ ಗೊತ್ತುಮಾಡುವ ವ್ಯವಸ್ಥೆಯನ್ನು ಆ ಸಂಸ್ಥೆಯೇ ನೋಡಿಕೊಂಡಿತು. ದಲ್ಲಾಳಿಗಳ ಕೈಗೆ ಹೋಗಲಿಲ್ಲ. ಆ ಕೆಲಸ ಇಲ್ಲಿ ಯಾರು ಮಾಡಬೇಕು? ಗ್ರಾಮ ಪಂಚಾಯಿತಿ ಮತ್ತು ಸ್ತ್ರೀಶಕ್ತಿ ಸಂಘಗಳು ಮಾಡಬೇಕೆಂದು ನನ್ನ ಮತ. ಮಠ ಮಾಡಬಾರದು. ಮಠದ ಸೇವಕನಾಗಿ ಇದನ್ನು ಬರೆಯುವಾಗ ಸ್ವಲ್ಪ ಸಂಕೋಚವಾಗುತ್ತದೆ, ಆದರೆ ಲೆಕ್ಕಪುಸ್ತಕ ನಮ್ಮ ಕೈಗೆ ಬಂದರೆ ಹಾದಿಯೂ ಕ್ರಮೇಣ ಸ್ಥಾವರವಾಗುತ್ತದೆ.

ಯಾತ್ರಿಕ ಯಾವ ಮನೆಯಲ್ಲಿ ತಂಗಬೇಕೆಂಬ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಗೌಡರ ಮನೆ ದೊಡ್ಡದು, ಶೌಚಾಲಯವಿದೆ, ಆದುದರಿಂದ ಅಲ್ಲಿ ಎಂದು ಸಹಜವಾಗಿ ಹೇಳಿಬಿಡುತ್ತೇವೆ. ಆದರೆ ಈ ಹಾದಿಯ ದೊಡ್ಡ ಹೆಸರುಗಳು ಯಾರವು? ಚರ್ಮ ಹದ ಮಾಡುವ ಡೋಹರ ಕಕ್ಕಯ್ಯನವರದು, ಪಾದರಕ್ಷೆ ಹೊಲಿಯುವ ಹರಳಯ್ಯನವರದು. ಕಕ್ಕಯ್ಯನವರನ್ನು ಬಸವಣ್ಣನವರು ತಮ್ಮ ಬಂಧುವೆಂದು ಹೇಳಿಕೊಂಡು ಹೆಮ್ಮೆಪಟ್ಟರು. ಕಕ್ಕೇರಿಯಲ್ಲಿ ಅವರ ಗದ್ದುಗೆಗೆ ನಮಸ್ಕರಿಸಿ, ರಾತ್ರಿ ಅವರ ಕುಲದವರ ಕೇರಿಯನ್ನು ತಪ್ಪಿಸಿ ಮೇಲಿನ ಓಣಿಯಲ್ಲಿ ಮಲಗಿ ಬಂದರೆ ಆ ನಮಸ್ಕಾರಕ್ಕೆ ಏನು ಬೆಲೆ? ತಂಗುಮನೆಗಳಿಗೆ ಸರ್ಕಾರದ ಸಹಾಯಧನ ಬಂದರೂ, ಭಕ್ತರ ದೇಣಿಗೆ ಬಂದರೂ, ಮೊದಲ ಶೌಚಾಲಯ, ಮೊದಲ ಕೋಣೆ ಆ ಕೇರಿಗಳಲ್ಲಿ ಆಗಬೇಕು. ಮತ್ತು ನಾವು ಅಲ್ಲಿಯೇ ಉಣ್ಣಬೇಕು. ಇದಕ್ಕೆ ಒಪ್ಪದವರು ವಾಹನದಲ್ಲಿಯೇ ಹೋಗಿಬರುವುದು ಉತ್ತಮ. ಕಲ್ಯಾಣದಿಂದ ಶರಣರು ಓಡಬೇಕಾಗಿ ಬಂದದ್ದೇ ಒಂದು ಅಂತರ್ಜಾತೀಯ ವಿವಾಹದ ಕಾರಣಕ್ಕೆಂಬುದನ್ನು ಹಾದಿಯ ಮೊದಲ ಮೈಲಿಗಲ್ಲಿನಲ್ಲಿಯೇ ಬರೆಯಿಸಬೇಕಾಗಿದೆ.

ದಾಂಡೇಲಿಯಿಂದಾಚೆಗೆ ಹಾದಿ ಅಡವಿಯೊಳಗೆ ಹೋಗುತ್ತದೆ. ಅಲ್ಲಿಂದ ಮುಂದೆ ನಾವು ಅತಿಥಿಗಳ ಅತಿಥಿಗಳು. ಜೋಯಿಡಾ ತಾಲೂಕಿನ ಬಹುಭಾಗ ದಟ್ಟ ಕಾಡು, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾದ ಅರಣ್ಯ ಇದೇ ಸೀಮೆಯಲ್ಲಿದೆ. ಇಲ್ಲಿ ಹೊಸ ಕಾಲುದಾರಿ ಕಡಿಯುವುದಾಗಲಿ, ದೀಪದ ಕಂಬ ನೆಡುವುದಾಗಲಿ, ಧ್ವನಿವರ್ಧಕ ಕಟ್ಟಿಕೊಂಡು ಹೋಗುವುದಾಗಲಿ ಕೂಡದು. ಇರುವ ರಸ್ತೆಯಲ್ಲಿಯೇ, ಹಗಲಿನಲ್ಲಿಯೇ, ಚಿಕ್ಕ ತಂಡಗಳಲ್ಲಿ, ಅರಣ್ಯ ಇಲಾಖೆಯ ಅನುಮತಿಯೊಡನೆ ನಡೆಯಬೇಕು. ಈ ನಾಡಿನ ಕುಣಬಿ ಜನರು ತಲೆಮಾರುಗಳಿಂದ ಬೆಳೆಸಿಕೊಂಡು ಬಂದ ಗೆಡ್ಡೆ-ಗೆಣಸುಗಳ ವೈವಿಧ್ಯ ಹೆಸರುವಾಸಿಯಾದುದು, ಜೋಯಿಡಾದಲ್ಲಿ ಅದಕ್ಕಾಗಿಯೇ ಮೇಳ ನಡೆಯುತ್ತದೆ. ಹಾದಿಯ ಈ ಭಾಗದಲ್ಲಿ ಅವರು ಬೇಯಿಸಿದ ಗೆಣಸು, ಅವರ ಅಕ್ಕಿಯ ಗಂಜಿ, ಅವರ ಜೇನು ಉಣ್ಣೋಣ. ರೊಟ್ಟಿಯೇ ಬೇಕೆಂದು ಹಟ ಹಿಡಿಯುವುದು ಬೇಡ. ಅವರಿಗೆ ಅವರದೇ ದೈವಗಳಿವೆ, ಅವರದೇ ಆಚಾರಗಳಿವೆ. ಯಾತ್ರಿಕರು ಬರುವುದೇ ಬೇಡವೆಂದು ಒಂದು ಊರು ಹೇಳಿದರೆ ಆ ಊರನ್ನು ಬಿಟ್ಟು ಮುಂದೆ ಹೋಗಬೇಕು.

ಎಷ್ಟು ಜನ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾರೆ. ಪತಿ ಮಾರಯ್ಯನವರು ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮ್ಮ ಮನದ ಅಳತೆಗೆ ಮೀರಿದ್ದು, ತೆಗೆದ ಜಾಗಕ್ಕೇ ಸುರಿದು ಬನ್ನಿರೆಂದು ಮರಳಿ ಕಳುಹಿಸಿದರು. ಈ ಪ್ರಸಂಗವನ್ನು ನಾವು ವೈರಾಗ್ಯದ ಉದಾಹರಣೆಯಾಗಿ ಮಾತ್ರ ವಿವರಿಸುತ್ತ ಬಂದಿದ್ದೇವೆ. ಗಮನಿಸಿ ನೋಡಿದರೆ ಲಕ್ಕಮ್ಮ ಹೇಳುತ್ತಿರುವುದು ಅಳತೆಯ ವಿಷಯವನ್ನು. ಅಕ್ಕಿ ಕೆಟ್ಟದ್ದಲ್ಲ, ಆಯುವುದು ತಪ್ಪಲ್ಲ, ಇಂದಿನ ಅಗತ್ಯಕ್ಕೆ ಮೀರಿದ್ದು ಮಾತ್ರ ಬೇಡ. ಒಂದು ಊರಿನ ಬಾವಿಗೆ, ಒಂದು ಹಳ್ಳಕ್ಕೆ, ಒಂದು ಮನೆಯ ಹೆಣ್ಣುಮಗಳ ಬೆನ್ನಿಗೆ ಎಷ್ಟು ಜನ ಅತಿಥಿಗಳೆಂಬುದಕ್ಕೂ ಅಂಥದೇ ಅಳತೆಯುಂಟು. ಅದನ್ನು ಇಲಾಖೆಯ ಅಧಿಕಾರಿ ಬೆಂಗಳೂರಿನಲ್ಲಿ ಕುಳಿತು ಹೇಳಲಾರ. ಬೇಸಿಗೆಯಲ್ಲಿ ಬಾವಿಯಿಂದ ನೀರು ಸೇದುವವಳು ಹೇಳಬಲ್ಲಳು. ನಾಲ್ಕು ಜನರೆಂದರೆ ನಾಲ್ಕೇ ಜನ, ಐದನೆಯವನು ಮರುದಿನ ಬರಲಿ.

ಯಾತ್ರೆಯನ್ನು ಭಾರತ ಹುಣ್ಣಿಮೆಯೊಂದಕ್ಕೇ ಸೀಮಿತಗೊಳಿಸದಿರುವುದೂ ಇದರ ಒಂದು ಅಂಗ. ಜಾತ್ರೆ ಜಾತ್ರೆಯಾಗಿಯೇ ಇರಲಿ, ಚಕ್ಕಡಿಗಳ ಸಾಲನ್ನು ಯಾರೂ ತಡೆಯಬಾರದು. ಉಳಿದಂತೆ ದೀಪಾವಳಿಯ ಅನಂತರ ಸುಗ್ಗಿಗೆ ಮೊದಲು, ಮತ್ತೆ ಸುಗ್ಗಿ ಮುಗಿದ ಮೇಲೆ ಬಿಸಿಲೇರುವವರೆಗೆ, ಹತ್ತು-ಹನ್ನೆರಡು ಜನರ ತಂಡಗಳು ನಡೆಯಬಹುದು. ಮಳೆಗಾಲದಲ್ಲಿ ಜೋಯಿಡಾದ ಕಡೆ ನಡೆಯುವ ಮಾತೇ ಇಲ್ಲ, ಆ ನಾಲ್ಕು ತಿಂಗಳು ಅಡವಿಗೂ ಊರಿಗೂ ವಿಶ್ರಾಂತಿ.

2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ನಮ್ಮ ತಾಯಂದಿರು ಎಷ್ಟು ಉತ್ಸಾಹದಿಂದ ಕ್ಷೇತ್ರದರ್ಶನಕ್ಕೆ ಹೊರಟರೆಂಬುದನ್ನು ಎಲ್ಲರೂ ನೋಡಿದ್ದೇವೆ. ಹೊರಡುವ ಮನಸ್ಸು ಮೊದಲೂ ಇತ್ತು, ಕೈಯಲ್ಲಿ ಹಣವಿರಲಿಲ್ಲ. ನಡಿಗೆಯ ಹಾದಿಯಲ್ಲಿ ಅವರಿಗೆ ತಡೆಯಾಗಿರುವುದು ಹಣವಲ್ಲ, ಶೌಚಾಲಯ ಮತ್ತು ರಾತ್ರಿಯ ಭಯ. ಬಸ್ಸಿನಲ್ಲಿ ಒಂದು ಊರಿಗೆ ಬಂದು, ಎರಡು ಊರು ನಡೆದು, ಮತ್ತೆ ಬಸ್ಸಿನಲ್ಲಿ ಮನೆಗೆ ಹೋಗುವಂತೆ ಹಾದಿಯನ್ನು ತುಂಡುತುಂಡಾಗಿ ಯೋಜಿಸಿದರೆ ಅವರೇ ಹೆಚ್ಚು ಸಂಖ್ಯೆಯಲ್ಲಿ ಬರುತ್ತಾರೆ. ಗಂಗಾಂಬಿಕೆ, ಅಕ್ಕನಾಗಮ್ಮ ಇವರ ಹೆಸರಿನ ಹಾದಿಯಲ್ಲಿ ಗಂಡಸರೇ ತುಂಬಿಕೊಂಡಿರುವುದು ಶೋಭೆಯಲ್ಲ.

ಪೂಜ್ಯರ ಸನ್ನಿಧಿಯಲ್ಲಿ ಈ ವಿಚಾರವನ್ನು ನಿವೇದಿಸಿಕೊಂಡಾಗ ಅವರು ಮುಗುಳ್ನಕ್ಕು, "ಮೊದಲು ನೀವು ನಾಲ್ಕು ಜನ ನಡೆದು ಬನ್ನಿರಿ, ಎಲ್ಲೆಲ್ಲಿ ನೀರಿದೆ ಬರೆದುಕೊಂಡು ಬನ್ನಿರಿ" ಎಂದು ಅಪ್ಪಣೆ ಕೊಡಿಸಿದರು. ಆದ್ದರಿಂದ ಬರುವ ಕಾರ್ತೀಕದಲ್ಲಿ ಎಂ.ಕೆ.ಹುಬ್ಬಳ್ಳಿಯಿಂದ ಕಕ್ಕೇರಿಯವರೆಗಿನ ಭಾಗವನ್ನು ನಡೆಯಬೇಕೆಂದಿದ್ದೇವೆ. ಆ ಸೀಮೆಯ ಭಕ್ತರು ತಮ್ಮ ಊರಿನಲ್ಲಿ ಹಿರಿಯರು ಹೇಳುತ್ತಿದ್ದ ಹಳೆಯ ಕಾಲುದಾರಿ, ಕುಡಿಯಲು ಯೋಗ್ಯವಾದ ಬಾವಿ, ರಾತ್ರಿ ತಂಗಲು ಸ್ಥಳ ಕೊಡಬಲ್ಲ ಮನೆ, ಚಪ್ಪಲಿ ಹೊಲಿಯುವವರ ಅಂಗಡಿ ಇವುಗಳ ವಿವರವನ್ನು ಮಠದ ಕಾರ್ಯಾಲಯಕ್ಕೆ ಬಂದಾಗ ತಿಳಿಸಬೇಕಾಗಿ ಪ್ರಾರ್ಥನೆ. ತಂಗುವ ಮನೆಗೆ ಎಷ್ಟು ಕೊಡಬೇಕೆಂಬುದನ್ನು ಮಾತ್ರ ದಯವಿಟ್ಟು ಮನೆಯ ಯಜಮಾನಿಯನ್ನೇ ಕೇಳಿ ಬರೆದು ತನ್ನಿರಿ.